ಖಾಲಿ ಕಾಡತೂಸಿನ ಹೆಸರು ಹೇಳದ ಕಚೇರಿಗೆ

ಶಸ್ತ್ರ ತರಬೇತಿ ಮೈದಾನದ ಮುಖ್ಯಾಧಿಕಾರಿಗಳೇ,

ನನ್ನ ತಂಗಿಯ ಎಡಗಣ್ಣು ಹೋಯಿತು. ಕಾಡತೂಸು ಸಿಡಿದದ್ದರಿಂದ ಹೋಯಿತು ಎಂದು ನಿಮ್ಮ ಕಡತದಲ್ಲಿ ಬರೆದಿದೆಯಂತೆ. ತಪ್ಪು. ಸಿಡಿದಾಗ ಕಣ್ಣಿಗೆ ಪೆಟ್ಟಾಯಿತು, ಅಷ್ಟೇ. ಕಣ್ಣು ಹೋದದ್ದು ಆಮೇಲೆ, ಆ ಕಾಡತೂಸು ಯಾವ ಲೋಹದ್ದು ಎಂಬ ಒಂದು ಪದವನ್ನು ನಿಮ್ಮ ಕಚೇರಿ ಬಾಯಿಬಿಟ್ಟು ಹೇಳದೆ ಹೋದದ್ದರಿಂದ. ಇವೆರಡರ ನಡುವಿನ ವ್ಯತ್ಯಾಸ ತಮಗೆ ಅರ್ಥವಾಗಲಿ ಎಂದೇ ಪತ್ರಿಕೆಯಲ್ಲಿ, ಊರಿನವರೆಲ್ಲರ ಎದುರಿಗೆ, ಇಷ್ಟುದ್ದ ಬರೆಯುತ್ತಿದ್ದೇನೆ. ಮುಚ್ಚಿದ ಲಕೋಟೆಯಲ್ಲಿ ಬರೆದದ್ದನ್ನೆಲ್ಲ ತಾವು ಮುಚ್ಚಿದ ಲಕೋಟೆಯಲ್ಲೇ ಉಳಿಸಿಕೊಂಡಿದ್ದೀರಿ.

ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಬೇರೆಯವರ ವಾಕ್ಯಗಳಲ್ಲಿ ಬಿಟ್ಟುಹೋದ ಪದ ಹುಡುಕುವುದು ನನ್ನ ಹೊಟ್ಟೆಪಾಡು. ತಂಗಿ ನಾಟಕ ತಂಡವೊಂದಕ್ಕೆ ರಂಗದ ಸಾಮಾನು ಮಾಡಿಕೊಡುತ್ತಾಳೆ. ರಟ್ಟಿನಲ್ಲಿ ಕಿರೀಟ, ಥರ್ಮೋಕೋಲಿನಲ್ಲಿ ಕಲ್ಲುಬಂಡೆ, ಹಳೇ ಛತ್ರಿಯ ಕಡ್ಡಿಗಳಲ್ಲಿ ಪಂಜರ, ಹೀಗೆ. ಸದಾ ಕೈಯಲ್ಲೊಂದು ಚಿಮಟ ಹಿಡಿದಿರುತ್ತಾಳೆಂದು ತಂಡದವರು ಅವಳನ್ನು ಕರೆಯುವುದೇ ಚಿಮಟ ಎಂದು. ಸಣ್ಣವಳಿದ್ದಾಗಲೂ ಅಷ್ಟೇ. ಅಮ್ಮನ ಗಡಿಯಾರ ಬಿಚ್ಚಿ, ತಿರುಗಿ ಜೋಡಿಸಿ, ಅದು ಮೊದಲಿಗಿಂತ ಚೆನ್ನಾಗಿ ಓಡುವ ಹಾಗೆ ಮಾಡಿ, ಆಮೇಲೆ ಒದೆ ತಿಂದವಳು.

ಆ ಸಲದ ನಾಟಕದಲ್ಲಿ ಒಬ್ಬ ಮುದುಕ ಸೈನಿಕನ ಪಾತ್ರವಿತ್ತು. ಅವನ ಎದೆಗೆ ಅಡ್ಡಲಾಗಿ ಗುಂಡಿನ ಪಟ್ಟಿ ಬೇಕಿತ್ತು. ಬಣ್ಣ ಬಳಿದ ಕಡ್ಡಿಗಳನ್ನು ಕಟ್ಟಿ ಕೊಡುತ್ತೇನೆಂದು ತಂಗಿ ಹೇಳಿದರೆ ನಿರ್ದೇಶಕರು ಒಪ್ಪಲಿಲ್ಲ. "ಅವನು ನಡೆದಾಗ ಅದು ಕಿಣಿಕಿಣಿ ಅನ್ನಬೇಕು ಕಣಮ್ಮ. ಹಿಂದಿನ ಸಾಲಿನವರಿಗೂ ಕೇಳಬೇಕು," ಅಂದರು. ಹಾಗಾಗಿ ತಂಗಿ ವಾರದ ಹಳೇ ಸಾಮಾನಿನ ಸಂತೆಗೆ ಹೋದಳು. ರಜೆಯಿತ್ತು, ನಾನೂ ಹೋಗಿದ್ದೆ.

ಮುರಿದ ಫ್ಯಾನು, ಹಲ್ಲುದುರಿದ ಗರಗಸ, ಒಂಟಿ ಬೂಟುಗಳ ನಡುವೆ ಒಬ್ಬ ವ್ಯಾಪಾರಿ ಅಗಲವಾದ ಬೋಗುಣಿಯಲ್ಲಿ ಖಾಲಿ ಕಾಡತೂಸುಗಳನ್ನು ರಾಶಿ ಹಾಕಿಕೊಂಡು ಕೂತಿದ್ದ. ಪಕ್ಕದಲ್ಲೇ ಇದ್ದ ಗೋಣಿಚೀಲದ ಮೇಲೆ ತಮ್ಮ ಕಚೇರಿಯ ಮುದ್ರೆ ಕಪ್ಪು ಶಾಯಿಯಲ್ಲಿ ಎದ್ದು ಕಾಣುತ್ತಿತ್ತು. "ಮೈದಾನದ ಹರಾಜಿನ ಮಾಲು, ಅಕ್ಕ. ಎಲ್ಲ ಹೊಡೆದು ಬಿಸಾಕಿದ್ದು. ಹೆದರಿಕೋಬೇಡಿ," ಅಂದ. ಅವನನ್ನು ನಾನು ದೂರುವುದಿಲ್ಲ. ತಾವು ಅವನಿಗೆ ಹೇಳಿ ಮಾರಿದ್ದನ್ನೇ ಅವನು ನಮಗೆ ಹೇಳಿ ಮಾರಿದ.

ಆ ರಾಶಿಯಲ್ಲಿ ಬೇರೆಯವಕ್ಕಿಂತ ವಿಚಿತ್ರವಾದ ಕೆಲವು ಇದ್ದವು. ಹೆಬ್ಬೆರಳಿನಷ್ಟು ಉದ್ದ, ಹಿತ್ತಾಳೆಯಂಥದೇ ಹೊಳೆಯುವ ಹೊಂಬಣ್ಣ. ಆದರೆ ಬಾಯಿ ತೆರೆದಿರಲಿಲ್ಲ, ಮೊಗ್ಗಿನ ಎಸಳಿನ ಹಾಗೆ ಒಳಕ್ಕೆ ಮಡಚಿಕೊಂಡಿತ್ತು. ನಡುವಿಗೆ ಒಂದು ನೀಲಿ ಪಟ್ಟಿ. ತಂಗಿ ಒಂದನ್ನು ಎತ್ತಿ ಅಂಗೈ ಮೇಲೆ ಕುಣಿಸಿದಳು. "ಅಕ್ಕ, ಇದು ಎಷ್ಟು ಹಗುರ ನೋಡೇ. ಗುಂಡಾ ಇದು, ಲಿಪ್‌ಸ್ಟಿಕ್ಕಾ?" ಅಂದಳು. ಇಬ್ಬರೂ ನಕ್ಕೆವು. ಬೇರೆಯವುಗಳ ಜೊತೆಗೆ ಅಂಥವನ್ನೂ ಒಂದಿಷ್ಟು ಆರಿಸಿಕೊಂಡಳು.

ಈಗ ತಾವು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಗೊತ್ತಿಲ್ಲದ ವಸ್ತುವನ್ನು ಜನ ಯಾಕೆ ಮುಟ್ಟುತ್ತಾರೋ ಎಂದು ನಿಟ್ಟುಸಿರು ಬಿಡುತ್ತಿರಬಹುದು. ಸ್ವಲ್ಪ ತಡೆಯಿರಿ. ಅವಳು ಸುಮ್ಮನೆ ಮುಟ್ಟಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಆ ಮೊಗ್ಗು ಬಾಯಿಯದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಬಸ್ಸು ಹತ್ತಿ, ತಮ್ಮ ಗೇಟಿಗೇ ಬಂದಳು. ವಿಚಾರಣೆಯ ಕಿಟಕಿಯಲ್ಲಿ ತೋರಿಸಿ, "ಇದು ಏನು ಸರ್? ತೂತು ಕೊರೆದು ದಾರ ಪೋಣಿಸಬೇಕು, ಪರವಾಗಿಲ್ವಾ?" ಎಂದು ಕೇಳಿದಳು. ಕಿಟಕಿಯ ಒಳಗಿದ್ದ ತಮ್ಮ ಸಿಬ್ಬಂದಿ ಅದನ್ನು ತಿರುಗಿಸಿ ನೋಡಿದರು. "ತಳದಲ್ಲಿ ಕುಳಿ ಬಿದ್ದಿದೆಯಲ್ಲಮ್ಮ, ಹೊಡೆದಾಗಿದೆ. ನಮ್ಮ ಹುಡುಗರು ಪಾಠಕ್ಕೆ ಹೊಡೆಯೋದು ಇವು. ಖಾಲಿ. ತಗೊಂಡು ಹೋಗಿ," ಅಂದರು. ಆವತ್ತು ಅದು ನಿಮ್ಮದಾಗಿತ್ತು. ಆವತ್ತು ಅದು ಖಾಲಿಯೂ ಆಗಿತ್ತು. ಎರಡನ್ನೂ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಸಿಡಿದದ್ದು ಅದರ ಮಾರನೆಯ ಮಧ್ಯಾಹ್ನ, ರಂಗಮಂದಿರದ ಹಿಂದಿನ ಕೋಣೆಯಲ್ಲಿ. ಅಷ್ಟು ಹೊತ್ತಿಗೆ ಉಳಿದ ಕಾಡತೂಸುಗಳನ್ನೆಲ್ಲ ಕೊರೆದು ಪಟ್ಟಿಗೆ ಹೊಲಿದಾಗಿತ್ತು. ಮೊಗ್ಗು ಬಾಯಿಯವನ್ನು ನಡುವೆ, ಎದೆಯ ಮೇಲೆ ಬರುವ ಹಾಗೆ ಇಡಬೇಕೆಂದು ಕೊನೆಗೆ ಉಳಿಸಿಕೊಂಡಿದ್ದಳು. ಮೊದಲನೆಯದಕ್ಕೆ ಕೊರೆಯುವ ಮೆಷಿನ್ನು ತಾಗಿಸಿದಳು. ಕನ್ನಡಕ ಹಾಕಿಕೊಂಡೇ ತಾಗಿಸಿದಳು. ಚೂರು ಕನ್ನಡಕದ ಕೆಳಗಿನ ಸಂದಿಯಿಂದ ಒಳಗೆ ನುಗ್ಗಿತು. ತಳದಲ್ಲಿ ಕುಳಿ ಬಿದ್ದಿದ್ದರೂ ಅದರ ಹೊಟ್ಟೆಯೊಳಗೆ ಇನ್ನೊಂದು ಸಣ್ಣ ಮದ್ದಿನ ಗೂಡು ಇರುತ್ತದಂತೆ, ಅದು ಎಷ್ಟೋ ಸಲ ಹೊತ್ತಿಕೊಳ್ಳದೆ ಹಾಗೇ ಉಳಿದಿರುತ್ತದಂತೆ. ಈ "ಅಂತೆ"ಗಳೆಲ್ಲ ನಮಗೆ ಗೊತ್ತಾದದ್ದು ಬಹಳ ಆಮೇಲೆ. ನಾನು ಆಸ್ಪತ್ರೆಗೆ ಓಡಿದಾಗ ಅವಳು ಗಾಲಿಮಂಚದ ಮೇಲೆ ಕೂತು, ಮುಖದ ಅರ್ಧಕ್ಕೆ ಹತ್ತಿ ಒತ್ತಿಕೊಂಡು, "ಅಕ್ಕ, ಅಮ್ಮಂಗೆ ಈಗಲೇ ಹೇಳಬೇಡ," ಅಂದಳು.

ಕಣ್ಣಿನ ಡಾಕ್ಟರು ಒಳ್ಳೆಯ ಮನುಷ್ಯ, ನಿಧಾನವಾಗಿ ಮಾತಾಡುವವರು. ಸ್ಕ್ಯಾನ್ ಮಾಡಿಸಿ, ಕಣ್ಣಿನ ಗುಡ್ಡೆಯ ಹಿಂಭಾಗದಲ್ಲಿ ಸಾಸಿವೆಗಿಂತ ಸಣ್ಣ ಚೂರೊಂದು ಕೂತಿರುವುದನ್ನು ನಮಗೆ ತೋರಿಸಿದರು. ಆಮೇಲೆ ಹೇಳಿದ ಮಾತನ್ನು ಪದ ಪದವಾಗಿ ಬರೆಯುತ್ತೇನೆ, ದಯವಿಟ್ಟು ಓದಿ. "ನೋಡಿ, ಇದು ಹಿತ್ತಾಳೆ ಆಗಿದ್ರೆ ಅದರಲ್ಲಿ ತಾಮ್ರ ಇರುತ್ತೆ. ತಾಮ್ರ ಕಣ್ಣನ್ನ ಒಳಗಿಂದಲೇ ತಿಂದುಹಾಕುತ್ತೆ. ಇವತ್ತೇ ತೆಗೀಬೇಕು. ಅಲ್ಯೂಮಿನಿಯಂ ಥರದ್ದಾಗಿದ್ರೆ ತೊಂದರೆ ಕಡಿಮೆ, ಹಾಗೇ ಬಿಟ್ಟು ಕಾದು ನೋಡಬಹುದು. ಅದು ಕೂತಿರೋ ಜಾಗ ಚೆನ್ನಾಗಿಲ್ಲ. ತೆಗೆಯೋಕೆ ಹೋದ್ರೆ ಈಗ ಕಾಣ್ತಾ ಇರೋದೂ ಹೋಗಬಹುದು. ಇದು ಏನು ಅಂತ ಯಾರಾದ್ರೂ ಹೇಳೋರು ಇದಾರಾ?"

ಇದ್ದರು. ಊರಿನಾಚೆ, ಎತ್ತರದ ಗೋಡೆಯ ಒಳಗೆ, ತಂಪು ಕೋಣೆಯಲ್ಲಿ ಇದ್ದರು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ತಮ್ಮ ಕಚೇರಿಗೆ ಫೋನ್ ಮಾಡಿದೆ. ಎಲ್ಲ ವಿವರಿಸಿದೆ.

"ಅದು ನಮ್ಮದು ಅಂತ ಯಾರು ಹೇಳಿದ್ರು?" ಎಂದಿತು ದನಿ.

"ನಿಮ್ಮ ಗೇಟಿನಲ್ಲೇ ಹೇಳಿದ್ರು ಸರ್."

"ಯಾರು? ಹೆಸರೇನು?"

"ಹೆಸರು ಕೇಳಲಿಲ್ಲ. ಅದು ಆಮೇಲೆ ಇರಲಿ ಸರ್. ಅದು ಹಿತ್ತಾಳೇದಾ, ಬೇರೇದಾ, ಅಷ್ಟು ಮಾತ್ರ ಹೇಳಿ. ಒಳಗೆ ಡಾಕ್ಟ್ರು ಕಾಯ್ತಾ ಇದಾರೆ."

"ಮೇಡಂ, ಅದು ತಾಂತ್ರಿಕ ವಿವರ. ಫೋನಲ್ಲಿ ಕೊಡೋಕೆ ಬರಲ್ಲ. ಲಿಖಿತವಾಗಿ ಅರ್ಜಿ ಕೊಡಿ."

ಡಾಕ್ಟರು ಹೊರಗೆ ಬಂದು ನನ್ನ ಕೈಯಿಂದ ಫೋನ್ ತೆಗೆದುಕೊಂಡರು. ತಾನು ಯಾರು, ಯಾಕೆ ಕೇಳುತ್ತಿದ್ದೇನೆ ಎಂದು ಹೇಳಿದರು. ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು. "ನೀವು ಡಾಕ್ಟ್ರೇ ಅಂತ ನನಗೆ ಹೇಗೆ ಗೊತ್ತಾಗಬೇಕು?" ಅಷ್ಟು ಹೊತ್ತಿಗೆ ನಿರ್ದೇಶಕರು ಉಳಿದ ಕಾಡತೂಸುಗಳ ಫೋಟೋ ತೆಗೆದು ತಮ್ಮ ಕಚೇರಿಯ ಸಾರ್ವಜನಿಕ ಸಂಪರ್ಕದ ನಂಬರಿಗೆ ಕಳಿಸಿದ್ದರು. ನೋಡಿದ ಗುರುತಿನ ನೀಲಿ ಗೆರೆಗಳು ಕೂಡಲೇ ಮೂಡಿದವು. ಉತ್ತರ ಮಾತ್ರ ಇವತ್ತಿಗೂ ಮೂಡಿಲ್ಲ.

ಉಳಿದವುಗಳಲ್ಲಿ ಒಂದನ್ನು ಯಾವುದಾದರೂ ಲೋಹದ ಅಂಗಡಿಯಲ್ಲಿ ತೋರಿಸಿದ್ದರೆ ಆಗುತ್ತಿರಲಿಲ್ಲವೇ ಎಂದು ತಾವು ಕೇಳಬಹುದು. ಆಗುತ್ತಿತ್ತು. ನಿರ್ದೇಶಕರು ಅವನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೊರಡುವಷ್ಟರಲ್ಲಿ ಪೊಲೀಸರು ಬಂದು ಎಲ್ಲವನ್ನೂ, ಸಿಡಿದ ಚೂರುಗಳ ಸಮೇತ, ಬಟ್ಟೆಚೀಲದಲ್ಲಿ ಹಾಕಿ ಅರಗಿನ ಮುದ್ರೆ ಒತ್ತಿಬಿಟ್ಟರು. "ಸಾಕ್ಷ್ಯ ಸ್ವಾಮಿ, ಮುಟ್ಟೋ ಹಾಗಿಲ್ಲ. ಮೈದಾನದ ಆಫೀಸಿಂದ ಅನುಮತಿ ತನ್ನಿ, ತೆಗೆದು ತೋರಿಸ್ತೀವಿ," ಅಂದರು. ಹೀಗೆ ಆ ವಸ್ತುವಿನ ಬಗ್ಗೆ ತಿಳಿಯುವ ಎಲ್ಲ ದಾರಿಗಳೂ ತಮ್ಮ ಬಾಗಿಲಿಗೇ ಬಂದು ನಿಂತವು. ತಾವು ಬಾಗಿಲು ಹಾಕಿಕೊಂಡಿರಿ.

ತಂಗಿ ಡಾಕ್ಟರಿಗೆ, "ಅದು ತುಂಬ ಹಗುರ ಇತ್ತು ಡಾಕ್ಟ್ರೇ, ಹಿತ್ತಾಳೆ ಥರ ಇರಲಿಲ್ಲ," ಎಂದು ಹೇಳಿಯೇ ಹೇಳಿದಳು. ಅವರು ಯೋಚಿಸಿದರು. "ಟೊಳ್ಳಾಗಿತ್ತಲ್ವಾ, ಅದಕ್ಕೂ ಹಗುರ ಅನಿಸಿರಬಹುದು. ಬಣ್ಣ ನೋಡಿದ್ರೆ ಹಿತ್ತಾಳೆನೇ. ತಾಮ್ರ ಇಲ್ಲ ಅಂತ ಖಾತ್ರಿ ಇಲ್ಲದೆ ನಾನು ಹೇಗೆ ಬಿಡಲಿ?" ಅಂದರು. ನಾನು ಅವರ ಜಾಗದಲ್ಲಿದ್ದರೂ ಹಾಗೇ ಮಾಡುತ್ತಿದ್ದೆ. ಸಂಜೆಯವರೆಗೂ ಕಾದೆವು. ನಾನು ಬರೆದ ಅರ್ಜಿಯನ್ನು ನಿರ್ದೇಶಕರು ಸ್ಕೂಟರಿನಲ್ಲಿ ಒಯ್ದರೆ ಕಿಟಕಿ ಮುಚ್ಚಿತ್ತು. ಕಚೇರಿ ವೇಳೆ ಮುಗಿದಿತ್ತು. ಡಾಕ್ಟರು ಶಸ್ತ್ರಚಿಕಿತ್ಸೆ ಮಾಡಿದರು. ಚೂರು ಬಂತು. ಅದರ ಹಿಂದೆಯೇ ಕಣ್ಣಿನ ಪರದೆ ಕಳಚಿಕೊಂಡಿತು. ಮತ್ತೊಂದು ಸಲ ಜೋಡಿಸಲು ನೋಡಿದರು, ನಿಲ್ಲಲಿಲ್ಲ. ತೆಗೆದ ಚೂರೂ ಸಾಕ್ಷ್ಯವೆಂದು ಪೊಲೀಸರ ಚೀಲ ಸೇರಿತು. ಬೆಳಕು ಬಂದಾಗ ಬೆಳಕು, ಹೋದಾಗ ಕತ್ತಲೆ, ಅಷ್ಟು ಉಳಿಯಿತು. ಕೆಲವು ವಾರಗಳಲ್ಲಿ ಅದೂ ಹೋಯಿತು.

ಈ ನಡುವೆ ಪೊಲೀಸರು ಹೇಳಿಕೆ ಪಡೆಯಲು ಅವಳ ಹಾಸಿಗೆಯ ಬಳಿಗೇ ಬಂದರು. "ಯಾವ ಉದ್ದೇಶಕ್ಕೆ ಗುಂಡು ಸಂಗ್ರಹ ಮಾಡಿದ್ರಿ?" ಎಂದು ಕೇಳಿದರು. "ನಾಟಕಕ್ಕೆ," ಅಂದಳು. "ಎಂಥ ನಾಟಕ?" "ಯುದ್ಧ ಬೇಡ ಅನ್ನೋ ನಾಟಕ." ಅವರು "ಯುದ್ಧದ ನಾಟಕ" ಎಂದು ಬರೆದುಕೊಂಡರು. ನಾನು ಅಭ್ಯಾಸಬಲದಿಂದ ಬಗ್ಗಿ ನೋಡಿ, "ಒಂದು ಪದ ಬಿಟ್ಟಿದ್ದೀರಿ," ಅಂದೆ. "ಅರ್ಥ ಒಂದೇ ಅಲ್ವೇನಮ್ಮ?" ಅಂದರು.

ತಮ್ಮ ಲಿಖಿತ ಉತ್ತರ ಅವಳ ಹೊಲಿಗೆ ಬಿಚ್ಚಿದ ಮೇಲೆ ಬಂತು. ಅದರ ಮುಖ್ಯ ವಾಕ್ಯಗಳನ್ನು ಓದುಗರ ಲಾಭಕ್ಕಾಗಿ ಇಲ್ಲಿ ಕೊಡುತ್ತೇನೆ. "ಸದರಿ ವಸ್ತುವು ಈ ಕಚೇರಿಯ ದಾಸ್ತಾನಿಗೆ ಸೇರಿರುವುದಿಲ್ಲ. ಸೇರಿದ್ದ ಪಕ್ಷದಲ್ಲಿ ಅದರ ವಿವರಗಳು ಗೌಪ್ಯವಾಗಿರುತ್ತವೆ. ತರಬೇತಿಗೆ ಬಳಸುವ ಎಲ್ಲ ವಸ್ತುಗಳೂ ನಿರಪಾಯಕಾರಿಯಾಗಿರುತ್ತವೆ." ಎಷ್ಟೋ ಸಾಹಿತಿಗಳ ಕರಡು ತಿದ್ದಿದ್ದೇನೆ, ಮಾನ್ಯರೇ. ಮೂರೇ ವಾಕ್ಯಗಳಲ್ಲಿ ಇಷ್ಟು ದೂರ ಓಡಿದವರನ್ನು ಕಂಡಿಲ್ಲ. ನಿಮ್ಮದಲ್ಲ, ನಿಮ್ಮದಾದರೆ ಗುಟ್ಟು, ಗುಟ್ಟಾದರೂ ಅಪಾಯವಿಲ್ಲ. ನಿಮ್ಮದೇ ಅಲ್ಲದ ವಸ್ತು ನಿರಪಾಯಕಾರಿ ಎಂದು ತಮಗೆ ಗೊತ್ತಾದದ್ದು ಹೇಗೆ? ಗೇಟಿನಲ್ಲಿ ನಿಮ್ಮದಾಗಿದ್ದದ್ದು ಆಸ್ಪತ್ರೆಯ ಹೊತ್ತಿಗೆ ಬೇರೆಯವರದಾದದ್ದು ಯಾವ ದಾರಿಯಲ್ಲಿ? ರಕ್ತ ಮೆತ್ತಿಕೊಂಡ ಕೂಡಲೇ ವಸ್ತುಗಳು ದಾಸ್ತಾನಿನಿಂದ ತಾವಾಗಿಯೇ ಇಳಿದುಹೋಗುವ ನಿಯಮವೇನಾದರೂ ಇದೆಯೇ? ಕೊನೆಯ ಸಾಲಿನಲ್ಲಿ ತಂಗಿ ಶೀಘ್ರ ಗುಣಮುಖಳಾಗಲೆಂದು ಹಾರೈಸಿದ್ದೀರಿ. ತಮ್ಮ ಕಚೇರಿಯಲ್ಲಿ ಶೀಘ್ರ ಎಂಬ ಪದ ಬಳಕೆಯಲ್ಲಿದೆ ಎಂದು ತಿಳಿದು ಆಶ್ಚರ್ಯವಾಯಿತು.

ಇಲ್ಲಿಗೇ ಮುಗಿದಿದ್ದರೆ ನಾನೂ ಹಣೆಬರಹವೆಂದು ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ಕಳೆದ ತಿಂಗಳು ತಾವು ಸಾರ್ವಜನಿಕರಿಗೆ ಬಾಗಿಲು ತೆರೆದಿರಿ. ಶಾಲೆ ಮಕ್ಕಳಿಗೆ ಪ್ರವೇಶ ಉಚಿತ, ಬ್ಯಾಂಡಿನವರ ವಾದನ, ಆಯುಧಗಳ ಪ್ರದರ್ಶನ. ಪೋಸ್ಟರು ಅಚ್ಚಾದದ್ದು ನಮ್ಮ ಮುದ್ರಣಾಲಯದಲ್ಲೇ. ಅದರ ಕರಡನ್ನೂ ನಾನೇ ತಿದ್ದಿದೆ. ತಂಗಿಗೆ ತೋರಿಸಿದಾಗ, "ಹೋಗೋಣ ಅಕ್ಕ," ಅಂದಳು. "ಯಾಕೆ?" ಅಂದೆ. "ಕೇಳಿದ್ರೆ ಹೇಳಲ್ಲ. ನೋಡೋಕಾದ್ರೂ ಬಿಡ್ತಾರಲ್ಲ," ಅಂದಳು.

ಉದ್ದನೆಯ ಹಾಲಿನಲ್ಲಿ ಗಾಜಿನ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಿದ್ದಿರಿ. ತಂಗಿ ಎಡಕ್ಕೆ ಏನಿದೆಯೆಂದು ತಿಳಿಯದೆ ಮೇಜಿನ ಮೂಲೆಗೆ ತಾಗಿಕೊಳ್ಳುತ್ತಾಳೆ, ಹಾಗಾಗಿ ನಾನು ಆ ಬದಿಗೆ ನಡೆಯುತ್ತಿದ್ದೆ. ಮೊದಲು ಕಂಡದ್ದು ನನಗೇ. ನೀಲಿ ವೆಲ್ವೆಟ್ಟಿನ ಮೇಲೆ, ಪುಟ್ಟ ದೀಪದ ಕೆಳಗೆ, ಮೊಗ್ಗು ಬಾಯಿಯ ಹೊಂಬಣ್ಣದ ಕಾಡತೂಸು. ಪಕ್ಕದಲ್ಲಿ ದಪ್ಪ ಅಕ್ಷರದ ಚೀಟಿ: "ಅಭ್ಯಾಸದ ಸದ್ದುಗುಂಡು. ಎರಡು ಹಂತದ್ದು. ಹೊಂಬಣ್ಣ ಲೇಪಿಸಿದ ಅಲ್ಯೂಮಿನಿಯಂ."

ಗೌಪ್ಯ ವಿವರ, ಮಾನ್ಯರೇ. ಅದರ ಮುಂದೆ ನಿಂತು ಮಕ್ಕಳು ಫೋಟೋ ಹೊಡೆಸಿಕೊಳ್ಳುತ್ತಿದ್ದರು.

ವಿವರಿಸಲು ನಿಂತಿದ್ದ ಸಿಪಾಯಿ ಬಹಳ ವಿನಯದವನು. ತಂಗಿ ಹತ್ತಿರ ಹೋಗಿ, "ಒಂದು ಸಲ ಕೈಗೆ ಕೊಡ್ತೀರಾ?" ಎಂದು ಕೇಳಿದಳು. "ಕೊಡ್ತೀನಿ ಮೇಡಂ, ಇದು ಒಳಗೆ ಏನೂ ತುಂಬದೇ ಇರೋ ಮಾದರಿ," ಎಂದು ಪೆಟ್ಟಿಗೆ ತೆರೆದು ಅವಳ ಅಂಗೈಯಲ್ಲಿಟ್ಟ. ಆಮೇಲೆ ತಾನಾಗಿಯೇ ಹೇಳಿದ, "ಹೊಡೆದ ಮೇಲೂ ಇವನ್ನ ನಂಬೋ ಹಾಗಿಲ್ಲ ಮೇಡಂ. ಒಳಗಿನ ಹಂತ ಎಷ್ಟೋ ಸಲ ಉಳಿದಿರುತ್ತೆ. ಹಾಗಾಗಿ ನಾವು ಬೇರೆ ಡಬ್ಬಿಗೇ ಹಾಕ್ತೀವಿ, ಬೇರೆಯವುಗಳ ಜೊತೆ ಬೆರೆಸಲ್ಲ."

"ಯಾರಾದ್ರೂ ಬೆರೆಸಿದ್ರೆ?" ಎಂದು ಕೇಳಿದಳು ತಂಗಿ.

ಅವನು ಆಗ ಅವಳ ಮುಖವನ್ನು ಸರಿಯಾಗಿ ನೋಡಿದ. ಎಡಗಣ್ಣನ್ನು ನೋಡಿದ. ಕಾಡತೂಸನ್ನು ತಿರುಗಿ ತೆಗೆದುಕೊಂಡು, ನಾನು ಫೋಟೋ ತೆಗೆಯಲೆಂದು ಚೀಟಿಯನ್ನು ನಮ್ಮ ಕಡೆಗೆ ತಿರುಗಿಸಿಟ್ಟ. ಈ ಇಡೀ ವ್ಯವಹಾರದಲ್ಲಿ ನಿಮ್ಮ ಕಡೆಯಿಂದ ನಮ್ಮ ಕಡೆಗೆ ಬಂದ ಕೈ ಅದೊಂದೇ. ಅವನ ಗುರುತು ತಮಗೆ ಸಿಗದಿರಲೆಂದು ಅವನ ರೂಪವನ್ನು ನಾನು ಬೇಕೆಂದೇ ಮರೆತಿದ್ದೇನೆ, ವಿಚಾರಣೆ ಮಾಡಿಸಬೇಡಿ.

ನಾವು ನೇರವಾಗಿ ಡಾಕ್ಟರ ಬಳಿ ಹೋದೆವು. ಫೋನಿನಲ್ಲಿ ತೆಗೆದ ಚೀಟಿಯ ಚಿತ್ರ ನೋಡಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಈ ಒಂದು ಪದ ಆವತ್ತು ಸಿಕ್ಕಿದ್ರೆ ನಾನು ಕಣ್ಣಿಗೆ ಕೈ ಹಾಕ್ತಿರಲಿಲ್ಲ. ಪೂರ್ತಿ ಉಳೀತಿತ್ತು ಅಂತ ಹೇಳಲ್ಲ. ಓದೋಷ್ಟು ಉಳೀತಿತ್ತು," ಅಂದರು. ತಂಗಿಯೇ ಅವರನ್ನು ಸಮಾಧಾನ ಮಾಡಬೇಕಾಯಿತು. "ನೀವು ನಾನು ಹೇಳಿದ್ದನ್ನ ಕೇಳಿಸಿಕೊಂಡ್ರಿ ಡಾಕ್ಟ್ರೇ. ಅಷ್ಟಾದ್ರೂ ಮಾಡಿದ್ರಿ," ಅಂದಳು. ಹೊರಗೆ ಬಂದು ಆಸ್ಪತ್ರೆಯ ಗೋಡೆಗೆ ಹಣೆ ಹಚ್ಚಿ ಅತ್ತಳು. ಕಣ್ಣು ಹೋದಾಗಲೂ ಅವಳು ಹಾಗೆ ಅತ್ತಿರಲಿಲ್ಲ.

ಈಗ ಅವಳು ಕೆಲಸಕ್ಕೆ ಹೋಗುತ್ತಾಳೆ. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯುವುದಿಲ್ಲ. ಚಿಮಟದಿಂದ ಹಿಡಿಯಲು ಹೋದ ಮಣಿ ಒಂದು ಬೆರಳಾಚೆ ಇರುತ್ತದೆ. ಬೈದುಕೊಳ್ಳುತ್ತಾಳೆ, ಮತ್ತೆ ಹಿಡಿಯುತ್ತಾಳೆ. ಅವಳ ಕಣ್ಣನ್ನು ತಾವು ಹಿಂದಕ್ಕೆ ಕೊಡಲಾರಿರಿ, ನಾನು ಕೇಳುವುದೂ ಇಲ್ಲ. ಕೇಳುತ್ತಿರುವುದು ಬೇರೆ. ಸಂತೆಯ ವ್ಯಾಪಾರಿಯನ್ನು ಮತ್ತೆ ಕಂಡೆ. ವಿಷಯ ತಿಳಿದು ತಲೆ ಮೇಲೆ ಕೈಹೊತ್ತು ಕೂತ. ನಮಗಿಂತ ಮೊದಲೂ ಆಮೇಲೂ ಆ ಮೊಗ್ಗು ಬಾಯಿಯವನ್ನು ಬೇರೆಯವರು ಕೊಂಡಿದ್ದಾರೆ. ಕೀಲಿಕೈ ಗೊಂಚಲು ಮಾಡುವವರೊಬ್ಬರು, ಮಗಳಿಗೆ ಸರ ಮಾಡಿಕೊಡುತ್ತೇನೆಂದ ತಾಯಿಯೊಬ್ಬರು, ಶೋಕಿಗೆ ಕೂಡಿಡುವವರು ಯಾರೋ. ಅವರ ಗುರುತು ಅವನಿಗೂ ಇಲ್ಲ. ಇವತ್ತು ಈ ಊರಿನಲ್ಲಿ ಯಾವುದೋ ಮಗುವಿನ ಕತ್ತಿನಲ್ಲಿ ತಮ್ಮ ನಿರಪಾಯಕಾರಿ ವಸ್ತು ನೇತಾಡುತ್ತಿದೆ. ಅವರೆಲ್ಲರಿಗೂ ತಿಳಿಯುವ ಹಾಗೆ ಅದರ ಚಿತ್ರ, ಹೆಸರು, ಅಪಾಯ ಮೂರನ್ನೂ ಪ್ರಕಟಿಸಿ. ಆಸ್ಪತ್ರೆಗಳಿಂದ ಫೋನ್ ಬಂದರೆ ಉತ್ತರ ಕೊಡುವವರೊಬ್ಬರನ್ನು ಹಗಲೂ ರಾತ್ರಿ ಕೂರಿಸಿ. ಬೇರೆ ಡಬ್ಬಿಗೆ ಹೋಗಬೇಕಾದದ್ದು ಹರಾಜಿನ ಚೀಲಕ್ಕೆ ಹೇಗೆ ಬಂತು ಎಂದು ಬಹಿರಂಗವಾಗಿ ಹೇಳಿ. ಅಲ್ಲಿಯವರೆಗೆ ಹರಾಜು ನಿಲ್ಲಿಸಿ.

ನಿಲ್ಲಿಸುವುದಿಲ್ಲವೆಂದು ಗೊತ್ತು. ಬರುವ ವಾರ ಮತ್ತೆ ಹರಾಜಿದೆ ಎಂಬ ಪ್ರಕಟಣೆಯನ್ನೂ ನಾನೇ ತಿದ್ದಿ ಅಚ್ಚಿಗೆ ಕಳಿಸಿದ್ದೇನೆ. ಆವತ್ತು ನಾವಿಬ್ಬರೂ ತಮ್ಮ ಗೇಟಿನ ಮುಂದೆ ನಿಂತಿರುತ್ತೇವೆ. ತಂಗಿ ಆಳೆತ್ತರದ ಚಿತ್ರ ಬರೆಯುತ್ತಿದ್ದಾಳೆ, ಮೊಗ್ಗು ಬಾಯಿ, ನೀಲಿ ಪಟ್ಟಿ, ಎಲ್ಲ ಇರುತ್ತದೆ. ಅದರ ಕೆಳಗೆ ಹೆಸರು ಮಾತ್ರ ಬರೆಯುವುದಿಲ್ಲ. ತಾವು ಪೊಲೀಸರನ್ನು ಕರೆಸಿ ನಮ್ಮನ್ನು ಓಡಿಸುತ್ತೀರಿ, ದೂರು ಕೊಡುತ್ತೀರಿ. ಇವರು ಹಿಡಿದಿದ್ದದ್ದು ಯಾವ ವಸ್ತುವಿನ ಚಿತ್ರ ಎಂದು ಆ ದೂರಿನಲ್ಲಿ ತಾವೇ ಬರೆಯಬೇಕಾಗುತ್ತದೆ. ಕಾಗುಣಿತ ಸರಿಯಾಗಿರಲಿ.

ಇಂತಿ,
ತಮ್ಮ ದಾಸ್ತಾನಿಗೆ ಸೇರದ ವಸ್ತುವೊಂದರಿಂದ ಗಾಯಗೊಂಡವಳ ಅಕ್ಕ,
ವೃತ್ತಿಯಿಂದ ಕರಡು ತಿದ್ದುವವಳು, ತಮ್ಮನ್ನು ತಿದ್ದಲಾರದವಳು